‘ಇನ್‌ಸೈಡ್’ ಇದ್ದವರ ಊರು: ಸ್ವಿಂಡನ್‌ಗೆ ಹೊಸದಾಗಿ ಬಂದ ಕನ್ನಡಿಗರಿಗೆ

ನಾವು ಇಂಗ್ಲೆಂಡಿನ ಸ್ವಿಂಡನ್‌ಗೆ ಬಂದು ಎರಡು ವಾರ ಆಗಿತ್ತು. 2005ರ ಜನವರಿ, ಮೂಗು ಉದುರಿ ಬೀಳುವಷ್ಟು ಚಳಿ. ಪಕ್ಕದ ಮನೆಯ ಅಜ್ಜ ಕಸದ ಡಬ್ಬಿ ಹೊರಗಿಡುತ್ತಿದ್ದರು. ಸುಮ್ನೆ ಹೋಗಬಾರದಲ್ಲ ಅಂತ ಮಾತಾಡಿಸಿದೆ. ಮೊದಲು ಏನು ಕೆಲಸ ಮಾಡ್ತಿದ್ರಿ ಅಂತ ಕೇಳಿದೆ. ‘ಮೂವತ್ತೊಂದು ವರ್ಷ ಇನ್‌ಸೈಡ್ ಇದ್ದೆ’ ಅಂದರು. ಅರ್ಧ ಬೀದಿಗೆ ಕೇಳುವ ದನಿ, ಮುಖದಲ್ಲಿ ಹೆಮ್ಮೆ.

ನನಗೆ ಗೊತ್ತಿದ್ದ ಇಂಗ್ಲಿಷಿನಲ್ಲಿ ‘ಇನ್‌ಸೈಡ್’ ಇದ್ದೆ ಅಂದರೆ ಜೈಲಿನಲ್ಲಿದ್ದೆ ಅಂತ. ಹ್ಞೂಂ ಹ್ಞೂಂ ಅಂತ ತಲೆಯಾಡಿಸಿ ಮನೆಯೊಳಗೆ ಬಂದವನೇ ಚಿಲಕ ಹಾಕಿದೆ. ಹೆಂಡತಿಗೆ ಹೇಳಿದೆ. ‘ಮೂವತ್ತೊಂದು ವರ್ಷ ಅಂದ್ರೆ ಸಣ್ಣಪುಟ್ಟ ಕೇಸ್ ಇರಲಿಕ್ಕಿಲ್ಲ’ ಅಂದಳು. ಒಂದು ತಿಂಗಳು ಆ ಅಜ್ಜನನ್ನು ಕಂಡರೆ ನಾವು ರಸ್ತೆಯ ಆಚೆ ಬದಿಗೆ ದಾಟುತ್ತಿದ್ದೆವು. ಹೆಂಡತಿ ನರ್ಸ್. ಅವಳ ಜೊತೆ ಕೆಲಸ ಮಾಡುವ, ಇದೇ ಊರಲ್ಲಿ ಹುಟ್ಟಿದ ಒಬ್ಬಾಕೆ ಇದನ್ನು ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರಂತೆ. ಸ್ವಿಂಡನ್‌ನಲ್ಲಿ ‘ಇನ್‌ಸೈಡ್’ ಅಂದರೆ ರೈಲ್ವೆ ಕಾರ್ಖಾನೆಯ ಒಳಗೆ. ಅವರ ಅಪ್ಪನೂ ಇನ್‌ಸೈಡ್, ತಾತನೂ ಇನ್‌ಸೈಡ್.

ಹೊಸಬರಿಗೆ ನಾನು ಮೊದಲು ಹೇಳುವುದೇ ಈ ಕಥೆ. ಬ್ಯಾಂಕ್ ಖಾತೆ, ವೀಸಾ, ಶಾಲೆಗಳ ಬಗ್ಗೆ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಆದರೆ ಈ ಊರಿನವರ ಜೊತೆ ಹವಾಮಾನ ಬಿಟ್ಟು ಬೇರೆ ಮಾತಾಡಬೇಕು ಅಂದ್ರೆ ರೈಲ್ವೆ ವಿಷಯ ಗೊತ್ತಿರಬೇಕು. ‘ನಿಮ್ಮ ಮನೆಯಲ್ಲಿ ಯಾರಾದರೂ ಇನ್‌ಸೈಡ್ ಇದ್ರಾ?’ ಅಂತ ಒಂದು ಸಲ ವಯಸ್ಸಾದವರನ್ನು ಕೇಳಿ ನೋಡಿ. ಬಸ್ ಎರಡು ಸಲ ತಪ್ಪಿದರೂ ಅವರ ಮಾತು ಮುಗಿಯುವುದಿಲ್ಲ.

‘ಈ ಊರಲ್ಲಿ ರೌಂಡಬೌಟ್ (ರಸ್ತೆಗಳು ಕೂಡುವ ವೃತ್ತ) ಬಿಟ್ಟರೆ ಏನಿದೆ?’ ಅಂತ ಹೊಸಬರು ಮೂಗು ಮುರಿಯುತ್ತಾರೆ. ಇಂಗ್ಲಿಷರೇ ಇದರ ಬಗ್ಗೆ ಜೋಕ್ ಮಾಡ್ತಾರೆ, ಇನ್ನು ನಮ್ಮವರು ಬಿಡ್ತಾರಾ? ಬಾತ್‌ನ ಕಲ್ಲಿನ ಬೀದಿಗಳನ್ನೋ ಆಕ್ಸ್‌ಫರ್ಡನ್ನೋ ನೋಡಿ ಬಂದವರ ಕಣ್ಣಿಗೆ ಇದು ಸಪ್ಪೆ. ನಾನು ಹುಬ್ಬಳ್ಳಿಯವನು. ಅಪ್ಪ ಅಲ್ಲಿನ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಸಾಲುಮನೆ, ಉದ್ದ ಗೋಡೆ, ಶಿಫ್ಟ್ ಬಿಟ್ಟಾಗ ಸೈಕಲ್ಲುಗಳ ಜಾತ್ರೆ, ಇವೆಲ್ಲ ನೋಡಿಕೊಂಡೇ ಬೆಳೆದವನು. ಅದಕ್ಕೇ ಇರಬೇಕು, ನನಗೆ ಸ್ವಿಂಡನ್ ಬೇಗ ಒಗ್ಗಿತು.

ಮೊದಲು ಇದು ಗುಡ್ಡದ ಮೇಲಿನ ಒಂದು ಸಣ್ಣ ಪೇಟೆ. ಹೆಸರಿನ ಅರ್ಥವೇ ‘ಹಂದಿಗುಡ್ಡ’. ಈಗ ಓಲ್ಡ್ ಟೌನ್ ಅಂತ ಕರೆಯುವುದು ಆ ಗುಡ್ಡವನ್ನೇ. ಕೆಳಗೆ ಬರೀ ಹೊಲ. ಲಂಡನ್–ಬ್ರಿಸ್ಟಲ್ ನಡುವೆ ಗ್ರೇಟ್ ವೆಸ್ಟರ್ನ್ ರೈಲ್ವೆ ಕಟ್ಟುತ್ತಿದ್ದ ಎಂಜಿನಿಯರ್ ಬ್ರೂನೆಲ್. ಎಂಜಿನ್ನುಗಳ ಉಸ್ತುವಾರಿ ಡೇನಿಯಲ್ ಗೂಚ್ ಅನ್ನುವ ಹುಡುಗನದು. ಹುಡುಗ ಅಂತ ಸುಮ್ನೆ ಹೇಳಲಿಲ್ಲ, 1840ರಲ್ಲಿ ಅವನಿಗೆ ವಯಸ್ಸು 24. ಆ ವರ್ಷ ಸೆಪ್ಟೆಂಬರಿನಲ್ಲಿ ಅವನು ಬ್ರೂನೆಲ್‌ಗೆ ಪತ್ರ ಬರೆದು, ಎಂಜಿನ್ ರಿಪೇರಿ ಕಾರ್ಖಾನೆಗೆ ಸ್ವಿಂಡನ್ನೇ ಸರಿಯಾದ ಜಾಗ ಅಂದ. ಬ್ರೂನೆಲ್ ತಿನ್ನುತ್ತಿದ್ದ ಸ್ಯಾಂಡ್‌ವಿಚ್ ಎಸೆದು, ಅದು ಬಿದ್ದಲ್ಲಿ ಕಾರ್ಖಾನೆ ಕಟ್ಟಿ ಅಂದನಂತೆ ಅಂತ ಒಂದು ಕಥೆ ಕೇಳುತ್ತೀರಿ. ನಂಬಬೇಡಿ, ಆದರೆ ಹೇಳುವವರನ್ನು ತಡೆಯಲೂಬೇಡಿ. ನಿಜವಾದ ಕಾರಣ ಲೆಕ್ಕಾಚಾರದ್ದು. ಲಂಡನ್‌ನಿಂದ ಇಲ್ಲಿವರೆಗೆ ಹಳಿ ಹೆಚ್ಚುಕಮ್ಮಿ ಸಮತಟ್ಟು, ಇಲ್ಲಿಂದ ಬ್ರಿಸ್ಟಲ್ ಕಡೆಗೆ ಏರಿಳಿತ ಜಾಸ್ತಿ. ಹಾಗಾಗಿ ಎಂಜಿನ್ ಬದಲಾಯಿಸಲು ಒಳ್ಳೆ ಜಾಗ. ಚೆಲ್ಟನ್‌ಹ್ಯಾಮ್ ಕಡೆಯ ಹಳಿ ಕವಲೊಡೆಯುವುದೂ ಇಲ್ಲೇ. ಕಲ್ಲಿದ್ದಲು ತರಲು ಪಕ್ಕದಲ್ಲೇ ಕಾಲುವೆ ಇತ್ತು. 1843ರ ಜನವರಿಯಲ್ಲಿ ಕಾರ್ಖಾನೆ ಶುರುವಾಯಿತು. ಮುಂದೆ 1920–30ರ ಹೊತ್ತಿಗೆ ಸುಮಾರು 14,000 ಜನ ಒಳಗೆ ದುಡಿಯುತ್ತಿದ್ದರು. 1900ರಲ್ಲಿ ಗುಡ್ಡದ ಮೇಲಿನ ಊರೂ ಕೆಳಗಿನ ರೈಲ್ವೆ ಊರೂ ಒಂದಾದಾಗ ಮೊದಲ ಮೇಯರ್ ಆದದ್ದು ಯಾರು? ಚರ್ಚ್‌ವರ್ಡ್ ಅಂತ ಕಾರ್ಖಾನೆಯ ದೊಡ್ಡ ಅಧಿಕಾರಿ. ಊರು ಯಾರ ಕೈಯಲ್ಲಿತ್ತು ಅಂತ ಇಷ್ಟರಲ್ಲೇ ಗೊತ್ತಾಗುತ್ತೆ ಅಲ್ವಾ?

ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ರೈಲ್ವೆ ವಿಲೇಜ್ ಸಿಗುತ್ತದೆ. ಕೆಲಸಗಾರರಿಗಾಗಿ 1840ರ ದಶಕದಲ್ಲಿ ಕಟ್ಟಲು ಶುರುಮಾಡಿದ ಸುಮಾರು 300 ಕಲ್ಲಿನ ಮನೆಗಳು. ಇಲ್ಲಿನ ಬೀದಿಗಳ ಹೆಸರು ಗಮನಿಸಿ. ಪಶ್ಚಿಮದ ಕಡೆ ಬ್ರಿಸ್ಟಲ್, ಬಾತಾಂಪ್ಟನ್, ಎಕ್ಸೆಟರ್, ಟಾಂಟನ್. ಪೂರ್ವದ ಕಡೆ ಲಂಡನ್, ಆಕ್ಸ್‌ಫರ್ಡ್, ರೀಡಿಂಗ್, ಫ್ಯಾರಿಂಗ್ಡನ್. ರೈಲು ಯಾವ ದಿಕ್ಕಿಗೆ ಹೋಗುತ್ತೋ ಆ ದಿಕ್ಕಿನಲ್ಲಿ ಆ ಊರಿನ ಬೀದಿ. ನಾನು ದಾರಿ ಕಲಿತದ್ದೇ ಹೀಗೆ. ಅಲ್ಲಿಂದ ಹಳಿಗಳ ಅಡಿಯಲ್ಲಿ ಒಂದು ಸುರಂಗ ಹೋಗುತ್ತದೆ. ಬೆಳಗ್ಗೆ ಹೂಟರ್ ಕೂಗಿದಾಗ ಸಾವಿರಾರು ಜನ ಇದರಲ್ಲೇ ನುಗ್ಗುತ್ತಿದ್ದದ್ದು. ಪ್ರತಿಯೊಬ್ಬನಿಗೂ ನಂಬರ್ ಕೊರೆದ ಒಂದು ಹಿತ್ತಾಳೆ ಬಿಲ್ಲೆ. ಅದೇ ಹಾಜರಿ. ತಡವಾದರೆ ಸಂಬಳ ಕಟ್.

ನಮ್ಮ ಪಕ್ಕದ ಮನೆಯ ಅಜ್ಜನ ಹತ್ತಿರ ಅಂಥ ಬಿಲ್ಲೆ ಈಗಲೂ ಇದೆ. ಬೀಗದ ಕೈ ಗೊಂಚಲಿಗೆ ಹಾಕಿಕೊಂಡಿದ್ದಾರೆ. ಅಂಚು ಸವೆದು ನಯವಾಗಿದೆ, ನಂಬರಿನ ಒಂದು ಅಂಕಿ ಪೂರ್ತಿ ಅಳಿಸಿದೆ, ಆದರೆ ಅವರು ಕಣ್ಣು ಮುಚ್ಚಿ ಹೆಬ್ಬೆರಳಿನಲ್ಲಿ ಸವರಿ ಆ ನಂಬರ್ ಹೇಳುತ್ತಾರೆ. ಅವರದು ಬಾಯ್ಲರ್ ಮಾಡುವ ವಿಭಾಗ. 15ನೇ ವಯಸ್ಸಿಗೆ ಸೇರಿದವರು. ಬಾಯ್ಲರ್ ಒಳಗೆ ಕೂತು ರಿವೆಟ್ ಹೊಡೆದೂ ಹೊಡೆದೂ ಕಿವಿ ಹೋಗಿದೆ. ಅವತ್ತು ಅರ್ಧ ಬೀದಿಗೆ ಕೇಳುವಂತೆ ಮಾತಾಡಿದ್ದು ಅದಕ್ಕೇ. ಇಲ್ಲಿ ಯಾರಾದರೂ ಮುದುಕರು ಗಟ್ಟಿಯಾಗಿ ಮಾತಾಡಿದರೆ ಜಗಳಕ್ಕೆ ಬಂದರು ಅಂದುಕೊಳ್ಳಬೇಡಿ.

ಹೂಟರ್ ಅಂದೆನಲ್ಲ, ಅದರದ್ದೂ ಒಂದು ಜಗಳ ಇದೆ. ಹತ್ತಿರದ ಲಿಡಿಯಾರ್ಡ್ ಪಾರ್ಕಿನಲ್ಲಿ ಬೋಲಿಂಗ್‌ಬ್ರೋಕ್ ಅನ್ನುವ ಜಮೀನ್ದಾರ ಇದ್ದ. ಬೆಳಗಿನ ಜಾವದ ಆ ಕೂಗಿಗೆ ನಿದ್ದೆ ಕೆಡುತ್ತೆ ಅಂತ 1870ರ ದಶಕದಲ್ಲಿ ದೂರು ಕೊಟ್ಟ. ಕೆಲಸಗಾರರು ಬಿಡಲಿಲ್ಲ. ಕೊನೆಗೂ ಹೂಟರ್ ಉಳಿಯಿತು. ಆ ಮಹಾರಾಯನ ಬಂಗಲೆ, ತೋಟ ಈಗ ಎಲ್ಲರಿಗೂ ತೆರೆದಿದೆ. ಮಕ್ಕಳನ್ನು ಆಟಕ್ಕೆ ಅಲ್ಲಿಗೇ ಕರೆದುಕೊಂಡು ಹೋಗಿ, ಎಷ್ಟು ಬೇಕಾದರೂ ಕಿರುಚಲಿ.

ಕಾಫಿ ಪ್ರಿಯರಿಗೆ ಒಂದು ವಿಷಯ. ಕಂಪನಿ ಹತ್ತಿರ ದುಡ್ಡು ಸಾಲದೆ ಒಂದು ಒಪ್ಪಂದ ಮಾಡಿಕೊಂಡಿತ್ತು. ಸ್ಟೇಷನ್ನನ್ನೂ ಮನೆಗಳನ್ನೂ ಕಂಟ್ರಾಕ್ಟರು ತಮ್ಮ ಖರ್ಚಿನಲ್ಲಿ ಕಟ್ಟಬೇಕು. ಅದಕ್ಕೆ ಬದಲಾಗಿ ಸ್ಟೇಷನ್ ಹೋಟೆಲಿನ ಗಳಿಕೆ 99 ವರ್ಷ ಅವರದು, ಮತ್ತು ಪ್ರತಿ ರೈಲೂ ಇಲ್ಲಿ ಹತ್ತು ನಿಮಿಷ ನಿಲ್ಲಲೇಬೇಕು! ಗಿರಾಕಿ ಎಲ್ಲೂ ಹೋಗಲ್ಲ ಅಂತ ಗೊತ್ತಾದ ಮೇಲೆ ಕಾಫಿ ಹೇಗಿರುತ್ತೆ ಹೇಳಿ? ಸ್ವತಃ ಬ್ರೂನೆಲ್ ಹೋಟೆಲಿನವನಿಗೆ ಪತ್ರ ಬರೆದ. ನೀವು ಕೆಟ್ಟ ಕಾಫಿ ಕೊಡ್ತೀರಿ ಅಂತ ನಾನು ದೂರಲಿಲ್ಲ, ಇಲ್ಲಿ ಕಾಫಿ ಅನ್ನುವುದು ಇದೆ ಅಂತಲೇ ನಾನು ನಂಬಿರಲಿಲ್ಲ, ನೀವು ಕೊಡುವುದು ಹುರಿದ ಕಾಳು ಅನ್ನುವ ಧಾಟಿಯಲ್ಲಿ. ಚಿಕೋರಿ ಚೂರು ಜಾಸ್ತಿಯಾದರೆ ಮುಖ ಸಿಂಡರಿಸುವ ನಮ್ಮವರು ಈ ಪತ್ರಕ್ಕೆ ಚೌಕಟ್ಟು ಹಾಕಿಸಬೇಕು. ಆ ಹತ್ತು ನಿಮಿಷದ ಕಾಟ ತಪ್ಪಿಸಿಕೊಳ್ಳಲು ಕಂಪನಿ 1895ರಲ್ಲಿ 1,00,000 ಪೌಂಡ್ ತೆರಬೇಕಾಯಿತು. ಈಗ ಲಂಡನ್ ಪ್ಯಾಡಿಂಗ್ಟನ್‌ಗೆ ಹೆಚ್ಚುಕಮ್ಮಿ ಒಂದು ಗಂಟೆ. ಟಿಕೆಟ್ ಮಾತ್ರ ಮುಂಚೆಯೇ ತಗೊಳ್ಳಿ. ಬೆಳಗ್ಗೆ ಸ್ಟೇಷನ್ನಿಗೆ ಹೋಗಿ ನಿಂತು ತಗೊಂಡರೆ ರೇಟ್ ನೋಡಿ ಎದೆ ಹಿಡಿದುಕೊಳ್ಳುತ್ತೀರಿ.

ಬಂದ ವಾರವೇ ಜಿಪಿ, ಅಂದರೆ ಮನೆ ಹತ್ತಿರದ ಡಾಕ್ಟರ ಬಳಿ ಹೆಸರು ನೋಂದಾಯಿಸಿ. ಜ್ವರ ಬರಲಿ ನೋಡೋಣ ಅಂತ ಕಾಯಬೇಡಿ. ಊರಿಂದ ತಂದ ಮಾತ್ರೆ ಡಬ್ಬಿಯಲ್ಲೇ ಎರಡು ವರ್ಷ ಕಳೆದವರನ್ನು ನೋಡಿದ್ದೇನೆ. ಈ ಊರಲ್ಲಿ ಹಾಗೆ ಮಾಡುವುದು ಒಂದು ರೀತಿ ನಾಚಿಕೆಗೇಡು, ಯಾಕೆ ಅಂದರೆ ಇಲ್ಲಿನ ಕೆಲಸಗಾರರು 1847ರಲ್ಲೇ ಮೆಡಿಕಲ್ ಫಂಡ್ ಸೊಸೈಟಿ ಕಟ್ಟಿದ್ದರು. ಸಂಬಳದಿಂದ ಪ್ರತಿ ವಾರ ಸ್ವಲ್ಪ ದುಡ್ಡು ಹಿಡಿಯುವುದು, ಅದರಲ್ಲಿ ಇಡೀ ಕುಟುಂಬಕ್ಕೆ ಡಾಕ್ಟರು, ಔಷಧಿ. ಮುಂದೆ ಆಸ್ಪತ್ರೆ, ಹಲ್ಲಿನ ಡಾಕ್ಟರು, ಸ್ನಾನಗೃಹ, ಈಜುಕೊಳ ಎಲ್ಲ ಬಂತು. ಯಂತ್ರಕ್ಕೆ ಸಿಕ್ಕಿ ಕೈಕಾಲು ಕಳೆದುಕೊಂಡವರಿಗೆ ಮರದ ಕೈಕಾಲು ಮಾಡಿಕೊಡುತ್ತಿದ್ದದ್ದೂ ಇದೇ ಕಾರ್ಖಾನೆ. 1948ರಲ್ಲಿ ಎನ್‌ಎಚ್‌ಎಸ್, ಅಂದರೆ ಸರ್ಕಾರಿ ಆರೋಗ್ಯ ಸೇವೆ ತಂದ ಮಂತ್ರಿ ಅನೈರಿನ್ ಬೆವನ್ ಇದನ್ನೇ ನೋಡಿ ದೇಶಕ್ಕೆಲ್ಲ ಹರಡಿದರು ಅಂತ ಊರಿನವರು ಹೇಳಿಕೊಳ್ಳುತ್ತಾರೆ. ವೇಲ್ಸಿನ ಟ್ರೆಡೀಗರ್‌ನವರೂ ಇದೇ ಮಾತು ತಮ್ಮ ಊರಿನ ಬಗ್ಗೆ ಹೇಳ್ತಾರೆ, ಆ ಜಗಳಕ್ಕೆ ನಾವು ಹೋಗುವುದು ಬೇಡ. ಮಿಲ್ಟನ್ ರೋಡಿನಲ್ಲಿರುವ ಆ ಹಳೇ ಸ್ನಾನಗೃಹದ ಕಟ್ಟಡಕ್ಕೆ ಈಗ ಹೆಲ್ತ್ ಹೈಡ್ರೋ ಅಂತ ಹೆಸರು. ನನ್ನ ಮಗಳು ಈಜು ಕಲಿತದ್ದು ಅಲ್ಲೇ. ಹೋಗುವ ಮುಂಚೆ ಏನೇನು ತೆರೆದಿದೆ ಅಂತ ನೋಡಿಕೊಳ್ಳಿ, ಹಳೇ ಕಟ್ಟಡ, ಆಗಾಗ ರಿಪೇರಿ ನಡೆಯುತ್ತೆ.

ಮನೆ ಬಾಡಿಗೆಗೆ ಹಿಡಿಯುವಾಗ ಒಂದು ಎಚ್ಚರಿಕೆ. ರಾಡ್‌ಬೋರ್ನ್ ಕಡೆ ಕೆಲಸಗಾರರಿಗಾಗಿ ಕಟ್ಟಿದ ಹಳೇ ಇಟ್ಟಿಗೆ ಸಾಲುಮನೆಗಳು ನೋಡಲು ಚೆಂದ, ಬಾಡಿಗೆಯೂ ಪರವಾಗಿಲ್ಲ. ಆದರೆ ಗೋಡೆ ತೇವ ಹಿಡಿಯುತ್ತೆ. ನಾವು ಮೊದಲ ಚಳಿಗಾಲದಲ್ಲಿ ಬಟ್ಟೆಯೆಲ್ಲ ರೇಡಿಯೇಟರ್ ಮೇಲೆ ಒಣಗಿಸಿ, ಕಿಟಕಿ ಒಂದು ದಿನವೂ ತೆಗೆಯದೆ ಬೆಚ್ಚಗೆ ಕೂತಿದ್ದೆವು. ಮಾರ್ಚ್‌ನಲ್ಲಿ ಬೀರು ಸರಿಸಿದರೆ ಹಿಂದೆ ಗೋಡೆ ತುಂಬ ಕಪ್ಪು ಬೂಸಲು, ಹೆಂಡತಿಯ ಮದುವೆ ಇಳಕಲ್ ಸೀರೆಯ ಸೆರಗಿಗೂ ಅಂಟಿತ್ತು. ಬಾಡಿಗೆ ಏಜೆನ್ಸಿಯವರು ತಪ್ಪು ನಮ್ಮದೇ ಅಂತ ಡಿಪಾಸಿಟ್‌ನಲ್ಲಿ ಮುರಿದುಕೊಂಡರು. ದಿನಕ್ಕೆ ಹತ್ತು ನಿಮಿಷ ಕಿಟಕಿ ತೆಗೆಯಿರಿ, ಎಷ್ಟೇ ಚಳಿ ಇರಲಿ. ಬೀರು ಗೋಡೆಗೆ ಒತ್ತಿ ಇಡಬೇಡಿ. ಮನೆಗೆ ಬಂದ ದಿನವೇ ಎಲ್ಲ ಗೋಡೆಗಳ ಫೋಟೋ ತೆಗೆದಿಡಿ.

ಮ್ಯಾಜಿಕ್ ರೌಂಡಬೌಟ್ ಬಗ್ಗೆ ಹೇಳದೆ ಬಿಟ್ಟರೆ ಬೈತೀರಿ. 1972ರದ್ದು. ನಡುವಿನ ವೃತ್ತದ ಸುತ್ತ ಐದು ಪುಟ್ಟ ರೌಂಡಬೌಟ್‌ಗಳು, ಒಳಗಿನ ಸುತ್ತು ಉಲ್ಟಾ ದಿಕ್ಕಿಗೆ. ನಾನು ಮೊದಲ ದಿನ ಆಸ್ಪತ್ರೆಗೆ ಹೋಗಬೇಕಾದವನು ಫುಟ್‌ಬಾಲ್ ಮೈದಾನದ ಮುಂದೆ ಮೂರು ಸಲ ಹಾದೆ. ಉಪಾಯ ಇಷ್ಟೇ: ಇಡೀ ಚಕ್ರವ್ಯೂಹ ನೋಡಬೇಡಿ, ಎದುರಿಗಿರುವ ಒಂದು ಪುಟ್ಟ ವೃತ್ತ ಮಾತ್ರ ನೋಡಿ, ಬಲಗಡೆಯಿಂದ ಬರುವವರಿಗೆ ದಾರಿ ಬಿಡಿ, ಆಮೇಲೆ ಮುಂದಿನದು.

ಇನ್ನು ನನಗೆ ತುಂಬ ಇಷ್ಟವಾದ ಮನುಷ್ಯನ ವಿಷಯ. ಆಲ್ಫ್ರೆಡ್ ವಿಲಿಯಮ್ಸ್. ಊರಂಚಿನ ಸೌತ್ ಮಾರ್ಸ್ಟನ್ ಹಳ್ಳಿಯಲ್ಲಿ 1877ರಲ್ಲಿ ಹುಟ್ಟಿದವ. ಕಾರ್ಖಾನೆಯಲ್ಲಿ ಉಗಿ ಸುತ್ತಿಗೆಯ ಕೆಲಸ. ಕೆಂಪಗೆ ಕಾದ ಕಬ್ಬಿಣದ ಮುಂದೆ ದಿನವಿಡೀ ಬೆವರು ಹರಿಸುವ ಆಳು, ಮನೆಗೆ ಹೋಗಿ ಲ್ಯಾಟಿನ್, ಗ್ರೀಕ್ ಕಲಿಯುತ್ತಿದ್ದ. ಕೆಲಸದ ಜಾಗದಲ್ಲಿ ಕಬ್ಬಿಣದ ತಗಡಿನ ಮೇಲೆ ಸೀಮೆಸುಣ್ಣದಲ್ಲಿ ಗ್ರೀಕ್ ಅಕ್ಷರ ಬರೆದಿಟ್ಟುಕೊಂಡು ಬಾಯಿಪಾಠ ಮಾಡುತ್ತಿದ್ದನಂತೆ. ಆರೋಗ್ಯ ಕೆಟ್ಟು 1914ರಲ್ಲಿ ಕೆಲಸ ಬಿಟ್ಟಾಗ ಕುಲುಮೆಯ ಮೇಲೆ ಲ್ಯಾಟಿನ್ನಿನಲ್ಲಿ ಒಂದೇ ಪದ ಬರೆದು ಹೋದ: ‘ಗೆದ್ದೆ’. ಮರುವರ್ಷ ಕಾರ್ಖಾನೆಯ ಬದುಕಿನ ಬಗ್ಗೆ ಪುಸ್ತಕ ತಂದ. ಅದರಲ್ಲಿ ಹೊಗೆ, ಗದ್ದಲ, ಮೇಸ್ತ್ರಿಗಳ ದಬ್ಬಾಳಿಕೆ ಯಾವುದನ್ನೂ ಮುಚ್ಚಿಟ್ಟಿಲ್ಲ. ರೈಲ್ವೆಯವರಿಗೆ ಹಿಡಿಸಲಿಲ್ಲ ಅಂತ ಬೇರೆ ಹೇಳಬೇಕಾಗಿಲ್ಲ.

ಮೊದಲನೇ ಮಹಾಯುದ್ಧದಲ್ಲಿ ಅವನನ್ನು ಸೈನಿಕನಾಗಿ ಭಾರತಕ್ಕೆ ಕಳಿಸಿದರು. ರಾಣಿಖೇತ್‌ನಲ್ಲಿ ಇದ್ದ. ವಾಪಸ್ ಬಂದ ಮೇಲೆ ಅವನೂ ಹೆಂಡತಿ ಮೇರಿಯೂ ಪಾಳುಬಿದ್ದ ಕಾಲುವೆಯ ಇಟ್ಟಿಗೆಗಳನ್ನು ಕಿತ್ತು ತಂದು, ತಾವೇ ಕೈಯಾರೆ ಮನೆ ಕಟ್ಟಿಕೊಂಡರು. ಮನೆಯ ಹೆಸರು ‘ರಾಣಿಖೇತ್’. ಕೈಯಲ್ಲಿ ಕಾಸಿಲ್ಲದ ದಿನಗಳಲ್ಲಿ ಕೂತು ಸಂಸ್ಕೃತ ಕಲಿತ, ಪಂಚತಂತ್ರದ ಕಥೆಗಳನ್ನು ಇಂಗ್ಲಿಷಿಗೆ ತಂದ. ಅದು 1930ರಲ್ಲಿ ಅಚ್ಚಾಯಿತು, ಅದೇ ವರ್ಷ ಅವನು ತೀರಿಕೊಂಡ. ನಮ್ಮ ದುರ್ಗಸಿಂಹ 11ನೇ ಶತಮಾನದಲ್ಲೇ ಕನ್ನಡಕ್ಕೆ ತಂದ ಕಥೆಗಳವು. ಒಂಬೈನೂರು ವರ್ಷ ಬಿಟ್ಟು ಇಲ್ಲೊಬ್ಬ ಕಮ್ಮಾರ ಅವನ್ನು ಕೈಗೆತ್ತಿಕೊಂಡ. ಅದೇ ಹಳ್ಳಿಯ ಪಕ್ಕದಲ್ಲಿ ಮುಂದೆ ಹೋಂಡಾ ಕಾರ್ಖಾನೆ ಬಂತು, 2021ರಲ್ಲಿ ಅದೂ ಮುಚ್ಚಿತು. ನಮ್ಮ ಪೈಕಿ ಎಷ್ಟೋ ಜನ ದಿನಾ ಆ ದಾರಿಯಲ್ಲಿ ಕಾರು ಓಡಿಸುತ್ತಾರೆ. ಮಕ್ಕಳಿಗೆ ಮೊಸಳೆ–ಕೋತಿ ಕಥೆ ಹೇಳುವಾಗ ಈ ಮನುಷ್ಯನ ಹೆಸರೂ ಒಂದು ಸಲ ಹೇಳಿ.

ಬೇಸಿಗೆಯಲ್ಲಿ ಊರಿನವರು ‘ಟ್ರಿಪ್’ ಬಗ್ಗೆ ಮಾತಾಡಿದರೆ ಅದು ಬರೀ ಪ್ರವಾಸ ಅಲ್ಲ. ಜುಲೈನಲ್ಲಿ ಕಾರ್ಖಾನೆ ಒಂದು ವಾರ ಪೂರ್ತಿ ಬಂದ್. ಕೆಲಸಗಾರರಿಗೂ ಮನೆಯವರಿಗೂ ವಿಶೇಷ ರೈಲು, ಪುಕ್ಕಟೆ. 1849ರಲ್ಲಿ ಆಕ್ಸ್‌ಫರ್ಡ್‌ಗೆ ಹೋದ 500 ಜನರಿಂದ ಶುರುವಾಗಿ, ಮುಂದೆ 20,000ಕ್ಕೂ ಹೆಚ್ಚು ಜನ ಒಂದೇ ಸಲ ಹೊರಡುವಷ್ಟು ಬೆಳೆಯಿತು. ಊರಿಗೆ ಊರೇ ಖಾಲಿ. ವೇಮೌತ್ ಕಡಲತೀರದಲ್ಲಿ ನೋಡಿದರೆ ಬೀದಿಯ ಅದೇ ಮುಖಗಳು. ಆದರೆ ಆ ವಾರಕ್ಕೆ ಸಂಬಳ ಇಲ್ಲ, 1938ರವರೆಗೂ ಇದೇ ಗತಿ. ವಾಪಸ್ ಬಂದ ಮೇಲೆ ಒಲೆ ಹಚ್ಚಲೂ ಯೋಚನೆ ಮಾಡಬೇಕಾದ ಸ್ಥಿತಿ. ಅಜ್ಜನ ಹೆಂಡತಿ ತಮ್ಮ ಅಮ್ಮನಿಂದ ಕೇಳಿದ್ದನ್ನು ಹೇಳಿದರು: ಟ್ರಿಪ್‌ಗಾಗಿ ವರ್ಷವಿಡೀ ಡಬ್ಬಿಯಲ್ಲಿ ಚಿಲ್ಲರೆ ಕೂಡಿಡುತ್ತಿದ್ದರಂತೆ. ನಮ್ಮಮ್ಮ ಜೀರಿಗೆ ಡಬ್ಬಿಯಲ್ಲಿ ಇಡುತ್ತಿದ್ದಳು.

ಮುಚ್ಚಿದ ಕಥೆ ಜಾಸ್ತಿ ಎಳೆಯುವುದಿಲ್ಲ. ಬ್ರಿಟಿಷ್ ರೈಲ್ವೇಸ್‌ನ ಕೊನೆಯ ಉಗಿ ಎಂಜಿನ್ ‘ಈವನಿಂಗ್ ಸ್ಟಾರ್’ 1960ರಲ್ಲಿ ಇಲ್ಲಿಂದಲೇ ಹೊರಟಿತು. ಆಮೇಲೆ ಕೆಲಸ ಕರಗುತ್ತಾ ಹೋಯಿತು. ಗ್ರೇಟ್ ವೆಸ್ಟರ್ನ್‌ಗೆ 150 ತುಂಬಿದ 1985ರಲ್ಲಿ, ಹಬ್ಬಕ್ಕೆ ತಯಾರಿ ನಡೆದಿರುವಾಗಲೇ, ಕಾರ್ಖಾನೆ ಮುಚ್ಚುತ್ತೇವೆ ಅಂದರು. 1986ರ ಮಾರ್ಚ್‌ನಲ್ಲಿ ಕೊನೆಯ ಹೂಟರ್. ಅವತ್ತು ಸುರಂಗದಿಂದ ಹೊರಗೆ ಬಂದು ಏನು ಮಾಡಿದಿರಿ ಅಂತ ಅಜ್ಜನನ್ನು ಕೇಳಿದ್ದೆ. ‘ಮನೆಗೆ ಬಂದೆ, ಚಹಾ ಕುಡಿದೆ’ ಅಂದರು. ಅಷ್ಟೇ. ಅವರ ಕಿವಿಗೆ ಹೂಟರ್ ಕೇಳುತ್ತಿರಲಿಲ್ಲ, ಕಾಲಡಿಯ ನೆಲ ಅದುರುವುದರಿಂದ ಗೊತ್ತಾಗುತ್ತಿತ್ತಂತೆ.

ಈಗ ಆ ಕಾರ್ಖಾನೆಯ ಒಂದು ಭಾಗ ಡಿಸೈನರ್ ಔಟ್‌ಲೆಟ್. ಸೇಲ್‌ನಲ್ಲಿ ಜಾಕೆಟ್ ಹುಡುಕುವಾಗ ಒಮ್ಮೆ ತಲೆಯೆತ್ತಿ ನೋಡಿ, ಕಬ್ಬಿಣದ ಕಂಬಗಳು, ಕ್ರೇನ್‌ಗಳು ಹಾಗೇ ಇವೆ. ಪಕ್ಕದಲ್ಲೇ ಸ್ಟೀಮ್ ಮ್ಯೂಸಿಯಂ, 2000ದಲ್ಲಿ ತೆರೆದದ್ದು. 1923ರ ‘ಕೇರ್‌ಫಿಲಿ ಕ್ಯಾಸಲ್’ ಎಂಜಿನ್ನಿನ ಅಡಿಗೆ ಇಳಿದು ನೋಡಬಹುದು. ಅಪ್ಪ ಒಮ್ಮೆ ಇಲ್ಲಿಗೆ ಬಂದಾಗ ಆ ಗುಂಡಿಯಲ್ಲೇ ಮುಕ್ಕಾಲು ಗಂಟೆ ನಿಂತಿದ್ದರು, ಕತ್ತು ಮೇಲೆ ಮಾಡಿ. ಏಳು ಅಡಿ ಅಗಲದ ಹಳಿಯನ್ನು 1892ರಲ್ಲಿ ಕಿತ್ತು ಕಿರಿದು ಮಾಡಿದರು ಅಂತ ಹೇಳಿದೆ. ‘ನಮ್ಮಲ್ಲಿ ಮೀಟರ್‌ಗೇಜ್ ಕಿತ್ತು ಅಗಲ ಮಾಡಿದ್ರು, ಇವರದ್ದೆಲ್ಲಾ ಉಲ್ಟಾ’ ಅಂದರು.

ಕೊನೆಯದಾಗಿ ಊಟದ ವಿಷಯ, ಸಸ್ಯಾಹಾರಿಗಳು ಗಮನಿಸಿ. ಈ ಸೀಮೆಯ ವಿಶೇಷ ತಿನಿಸು ಲಾರ್ಡಿ ಕೇಕ್. ಪದರ ಪದರ, ಒಣದ್ರಾಕ್ಷಿ, ಮೇಲೆ ಸಕ್ಕರೆ ಪಾಕ, ನೋಡಿದರೆ ಬಾಯಲ್ಲಿ ನೀರು. ಆದರೆ ಪದರಗಳ ನಡುವೆ ಹಾಕುವುದು ಹಂದಿ ಕೊಬ್ಬು. ಅಮ್ಮ ಬಂದಾಗ ಪಕ್ಕದ ಮನೆಯ ಅಜ್ಜಿ ಪ್ರೀತಿಯಿಂದ ಮನೆಯಲ್ಲೇ ಮಾಡಿ ತಂದಿದ್ದರು. ಅಮ್ಮ ಲಿಂಗ ಪೂಜೆ ಮುಗಿಸಿ ಬಂದು ತಟ್ಟೆಗೆ ಕೈ ಹಾಕುವುದರಲ್ಲಿದ್ದಳು. ನಾನು ಓಡಿಬಂದು ತಟ್ಟೆ ಎಳೆದುಕೊಂಡೆ. ಅಮ್ಮನಿಗೆ ಸಿಟ್ಟು, ಅಜ್ಜಿಗೆ ಗಾಬರಿ. ವಿಷಯ ಬಿಡಿಸಿ ಹೇಳಿದ ಮೇಲೆ ಅಜ್ಜಿ ನೂರು ಸಲ ಸಾರಿ ಹೇಳಿದರು, ಮುಂದಿನ ವಾರ ಬರೀ ಬೆಣ್ಣೆಯಲ್ಲಿ ಮಾಡಿ ತಂದರು. ಅಮ್ಮ ಎರಡು ತುಂಡು ತಿಂದಳು, ಚಲೋ ಆಗೈತಿ ಅಂದಳು. ಅಜ್ಜ ಒಂದು ತುಂಡು ಬಾಯಿಗೆ ಹಾಕಿಕೊಂಡು, ಇಡೀ ಬೀದಿಗೆ ಕೇಳುವ ಹಾಗೆ, ಇದು ಲಾರ್ಡಿ ಕೇಕೇ ಅಲ್ಲ ಅಂದರು.